1860ರ ದಶಕದಲ್ಲಿ ಹಿಮಾಲಯದ ಫೋಟೊ ತೆಗೆದದ್ದು ಹೇಗೆ?

ಆಗ ಫಿಲ್ಮ್ ಇರಲಿಲ್ಲ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವ ಸುರಿದು, ಕತ್ತಲೆ ಡೇರೆಯೊಳಗೆ ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಿ, ಒದ್ದೆಯಿರುವಾಗಲೇ ಕ್ಯಾಮೆರಾಕ್ಕೆ ಹಾಕಬೇಕಿತ್ತು. ಚಿತ್ರ ತೆಗೆದ ಮೇಲೂ ಫಲಕ ಒಣಗುವ ಮೊದಲೇ ಡೆವಲಪ್ ಮಾಡಬೇಕು, ಅಂದರೆ ರಾಸಾಯನಿಕ ಹಾಕಿ ಚಿತ್ರ ಮೂಡಿಸಬೇಕು. ಸಿಗುತ್ತಿದ್ದದ್ದು ಕೆಲವೇ ನಿಮಿಷ. ಹಾಗಾಗಿ ಡಾರ್ಕ್‌ರೂಮನ್ನೇ ಬೆಟ್ಟಕ್ಕೆ ಹೊರಬೇಕಾಯಿತು.

ಇಂಗ್ಲೆಂಡಿನ ಫೋಟೊಗ್ರಾಫರ್ ಸ್ಯಾಮ್ಯುಯೆಲ್ ಬೋರ್ನ್ 1863ರಲ್ಲಿ ಸಿಮ್ಲಾದಿಂದ ಹೊರಟಾಗ ಸುಮಾರು 30 ಕೂಲಿಗಳು ಜೊತೆಗಿದ್ದರು. ಗಾಜು ಒಡೆಯದಂತೆ, ರಾಸಾಯನಿಕ ಚೆಲ್ಲದಂತೆ ಇಷ್ಟು ದೂರ ಹೊತ್ತವರು ಅವರೇ. ಆ ಚಿತ್ರಗಳಲ್ಲಿ ಅವರ ಪಾಲೂ ಇದೆ ಎಂದೇ ನನ್ನ ಭಾವನೆ. 1866ರಲ್ಲಿ ಬೋರ್ನ್ ಮಣಿರಂಗ್ ಕಣಿವೆದಾರಿಯಲ್ಲಿ, ಸುಮಾರು 18,600 ಅಡಿ ಎತ್ತರದಲ್ಲಿ ಫೋಟೊ ತೆಗೆದರು.

ಅಂದಹಾಗೆ, ಆ ಫಲಕಗಳಿಗೆ ನೀಲಿ ಬೆಳಕು ಬೇಗ ತಾಗಿ, ನೀಲಿ ಆಕಾಶವೂ ಮೋಡದಷ್ಟೇ ಬೆಳ್ಳಗೆ ಮೂಡುತ್ತಿತ್ತು. ಹಳೆಯ ಚಿತ್ರಗಳಲ್ಲಿ ಆಕಾಶ ಮೋಡವಿಲ್ಲದೆ ಬೆಳ್ಳಗೆ ಕಾಣುವುದು ಅದಕ್ಕೇ.