ನುಡಿ ಕೇಳಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಪರೀಕ್ಷೆಯಲ್ಲಿ 'ಗಾಳಿಗೆ ತೂರು' ಎಂಬುದನ್ನು ಸ್ವಂತ ವಾಕ್ಯದಲ್ಲಿ ಬಳಸಲು ಕೇಳಿದ್ದರು. 'ಮಾವ ಕುಡಿತವನ್ನು ಗಾಳಿಗೆ ತೂರಿದರು' ಎಂದು ಬರೆದೆ, ಅಂಕ ಬರಲಿಲ್ಲ. ಬಿಟ್ಟುಬಿಡು ಎಂದೇ ಅಲ್ಲವೇ ಅರ್ಥ?
– ಹತ್ತನೇ ತರಗತಿ ವಿದ್ಯಾರ್ಥಿನಿ, ಮದ್ದೂರು

ಉತ್ತರ: ಅಲ್ಲಮ್ಮ, ಲೆಕ್ಕಕ್ಕೇ ಇಡದಿರುವುದು ಎಂದರ್ಥ. ಕಣದಲ್ಲಿ ನೋಡಿರುತ್ತೀಯ: ಒಕ್ಕಿದ ರಾಗಿಯನ್ನು ಮೊರಕ್ಕೆ ತುಂಬಿ, ತಲೆಯೆತ್ತರಕ್ಕೆ ಹಿಡಿದು ಸಣ್ಣಗೆ ಸುರಿದರೆ ಕಾಳು ಕಾಲ ಬಳಿಯೇ ರಾಶಿಯಾಗುತ್ತದೆ, ಹೊಟ್ಟು ಗಾಳಿ ಬೀಸಿದತ್ತ ಹೋಗುತ್ತದೆ. ಉಳಿಸಿಕೊಳ್ಳಬೇಕಾದ್ದನ್ನು ಹೊಟ್ಟಿನಂತೆ ಕಂಡಾಗ ಈ ಮಾತು ಸಲ್ಲುತ್ತದೆ. ನಿಯಮ, ನೀತಿ, ಹಿರಿಯರ ಬುದ್ಧಿಮಾತು ಇವನ್ನು ಗಾಳಿಗೆ ತೂರುತ್ತಾರೆ. ಚಟವನ್ನು ತೂರುವುದಿಲ್ಲ, ಅದು ಮೊದಲೇ ಹೊಟ್ಟು.

ಕುಡಿತಕ್ಕೆ ಹೊಂದುವುದು 'ಎಳ್ಳುನೀರು ಬಿಡು'. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ತೀರಿಹೋದವರಿಗೆ ತರ್ಪಣ ಕೊಡುವಾಗ ಎಳ್ಳು ಬೆರೆತ ನೀರನ್ನು ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಬಿಡುತ್ತಾರಲ್ಲ, ಅದೇ. ಇನ್ನೆಂದೂ ತಿರುಗಿ ನೋಡದಂತೆ ಬಿಟ್ಟದ್ದಕ್ಕೆ ಹೀಗೆನ್ನುತ್ತೇವೆ. ತರ್ಪಣ ಒಬ್ಬರಿಗೆ ಕೊಡುವಂಥದ್ದು. ಹಾಗಾಗಿ ಇಲ್ಲೂ ಚತುರ್ಥಿ ವಿಭಕ್ತಿಯೇ ('ಗೆ', 'ಕ್ಕೆ') ಬೇಕು: 'ಮಾವ ಕುಡಿತಕ್ಕೆ ಎಳ್ಳುನೀರು ಬಿಟ್ಟರು'. 'ಕುಡಿತವನ್ನು' ಎಂದು ಬರೆದರೆ ಮತ್ತೆ ಅಂಕ ಹೋಗುತ್ತದೆ. ಬದುಕಿರುವವರ ಹೆಸರಿನ ಜೊತೆ ಮಾತ್ರ ಇದನ್ನು ಸೇರಿಸಬೇಡ, ಅಪಶಕುನವೆಂದು ನೊಂದುಕೊಳ್ಳುತ್ತಾರೆ. ನುಡಿಗಟ್ಟಿನ ಪಟ್ಟಿ ಮಾಡುವಾಗ ಅರ್ಥವೊಂದನ್ನೇ ಬರೆದರೆ ಸಾಲದು. 'ಮಾತನ್ನು ಗಾಳಿಗೆ ತೂರು', 'ಆಸೆಗೆ ಎಳ್ಳುನೀರು ಬಿಡು' ಎಂದು ವಿಭಕ್ತಿ ಸಮೇತ ಬರೆದುಕೋ.

ಪ್ರಶ್ನೆ: ಸೊಸೆ ಮರಾಠಿಯವಳು, ಆಸಕ್ತಿಯಿಂದ ಕನ್ನಡ ಕಲಿಯುತ್ತಿದ್ದಾಳೆ. 'ಹಾಲಿನವನು ಇವತ್ತು ಕೈಯನ್ನು ಕೊಟ್ಟ' ಎಂದಾಗ ಮನೆಯವರೆಲ್ಲ ನಕ್ಕುಬಿಟ್ಟರು. ಹೇಗೆ ತಿಳಿಸಿ ಹೇಳಲಿ?
– ಗೃಹಿಣಿ, ಸರಸ್ವತಿಪುರಂ, ಮೈಸೂರು

ಉತ್ತರ: ದಯವಿಟ್ಟು ನಗಬೇಡಿ, ವ್ಯಾಕರಣದ ಪ್ರಕಾರ ಆಕೆ ಹೇಳಿದ್ದು ಸರಿಯೇ. ಆದರೆ ನುಡಿಗಟ್ಟಿನ ಒಳಗಿನ ಪದಕ್ಕೆ 'ಅನ್ನು' ಅಂಟಿತೆಂದರೆ ಕೈ ನಿಜವಾದ ಕೈಯೇ ಆಗಿಬಿಡುತ್ತದೆ. 'ಗಳು' ಸೇರಿದರೂ ಅಷ್ಟೇ. ಈ ವಾಕ್ಯಗಳನ್ನು ಬಾಯಿಪಾಠ ಮಾಡಿಸಿ: 'ಹಾಲಿನವನು ನಮಗೆ ಕೈಕೊಟ್ಟ.' 'ಮುಂಗಾರು ಕೈಕೊಟ್ಟರೂ ವಿಶ್ವೇಶ್ವರಯ್ಯ ನಾಲೆ ರೈತರ ಕೈಹಿಡಿಯಿತು.' ಕೈಕೊಡುವುದು 'ನಮಗೆ', ಕೈಹಿಡಿಯುವುದು 'ನಮ್ಮ'. ಇನ್ನೊಂದು ಎಚ್ಚರ: 'ಅವರು ನನ್ನ ಕೈಹಿಡಿದರು' ಎಂದು ಹೆಣ್ಣುಮಗಳೊಬ್ಬಳು ಹೇಳಿದರೆ ಕೇಳಿದವರು ಮದುವೆ ಎಂದೇ ತಿಳಿಯುತ್ತಾರೆ. ಸಹಾಯ ಮಾಡಿದವರ ಬಗ್ಗೆ 'ಆಸರೆಯಾದರು' ಎನ್ನಲು ಕಲಿಸಿ.

ಪ್ರಶ್ನೆ: 'ಯಾಕ್ಲಾ ಗರ ಬಡ್ದಂಗೆ ನಿಂತ್ಕಂಡಿದ್ದೀಯ' ಅಂತಾರೆ ನಮ್ಮಜ್ಜಿ. ಗರ ಎಂದರೇನು?
– ಕಾಲೇಜು ವಿದ್ಯಾರ್ಥಿ, ಮಳವಳ್ಳಿ

ಉತ್ತರ: 'ಗ್ರಹ'ದ ತದ್ಭವ. ಗ್ರಹ ಹಿಡಿದವರಂತೆ ಮಂಕಾಗಿ ನಿಲ್ಲುವುದು. ಹೆದರಿಕೆಗೆ, ಕೆಟ್ಟ ಸುದ್ದಿಗೆ ಹೊಂದುತ್ತದೆ. ಖುಷಿಯ ಬೆರಗಾದರೆ 'ಮೂಗಿನ ಮೇಲೆ ಬೆರಳಿಟ್ಟ' ಎನ್ನಿ.