ಸರ್ಕಾರ ಬಿದ್ದ ಮೇಲೂ ಊರು ನಡೀತಿತ್ತು

ಅಕ್ಕಾ ಅಂತ ಕರೆದಿದ್ದೀಯ, ಅದಕ್ಕೇ ನೀನು ಅಂತಲೇ ಬರೀತೀನಿ. 2024ರ ಅಕ್ಟೋಬರ್‌ನಲ್ಲಿ ನೀನು ಓದೋಕೆ ಅಂತ ಲೈಪ್‌ಜಿಗ್‌ಗೆ ಬಂದೆ, ತಿಂಗಳೊಪ್ಪತ್ತಿನಲ್ಲೇ ಜರ್ಮನಿಯ ಸರ್ಕಾರ ಬಿತ್ತು. ಆಮೇಲೆ ನಡೆದ ಚುನಾವಣೇಲಿ ವಲಸಿಗರು ಬೇಡ ಅನ್ನೋ ಎಎಫ್‌ಡಿ ಪಕ್ಷ ಎರಡನೇ ಸ್ಥಾನಕ್ಕೆ ಬಂತು. ‘ಪ್ರಜಾಪ್ರಭುತ್ವ ಇದ್ರೆ ಸಮಾಜ ಸ್ಥಿರವಾಗಿರುತ್ತೆ ಅಂತಾರಲ್ಲ, ಇದೇನಾ ಸ್ಥಿರತೆ? ಒಬ್ಬರೇ ಗಟ್ಟಿಯಾಗಿ ಆಳೋ ದೇಶಾನೇ ವಾಸಿ ಅಲ್ವಾ?’ ಅಂತ ಕೇಳಿದ್ದೀಯ. ನಾನಿಲ್ಲಿಗೆ ಬಂದು ಹದಿನಾರು ವರ್ಷ ಆಯ್ತು, ಪೌರತ್ವವೂ ಸಿಕ್ಕಿದೆ. ಈ ಪ್ರಶ್ನೆ ನನ್ನನ್ನೂ ಕಾಡಿದೆ.

ಮೊದಲು ಆ ಚಳಿಗಾಲ ಹೇಗೆ ಕಳೀತು ನೋಡು. ನವೆಂಬರ್ 6ರ ರಾತ್ರಿ ಚಾನ್ಸಲರ್ (ನಮ್ಮ ಪ್ರಧಾನಿ ಇದ್ದ ಹಾಗೆ) ಶೋಲ್ಜ್ ಹಣಕಾಸು ಸಚಿವರನ್ನ ಕಿತ್ತುಹಾಕಿದ್ರು, ಮೂರು ಪಕ್ಷಗಳ ಮೈತ್ರಿ ಮುರೀತು. ಡಿಸೆಂಬರ್ 16ಕ್ಕೆ ವಿಶ್ವಾಸಮತ ಸೋತರು, ಫೆಬ್ರವರಿ 23ಕ್ಕೆ ಚುನಾವಣೆ ಆಯ್ತು, 2025ರ ಮೇ 6ಕ್ಕೆ ಗೆದ್ದ ಪಕ್ಷದ ಮೆರ್ಜ್ ಚಾನ್ಸಲರ್ ಆದ್ರು. ಲೆಕ್ಕ ಹಾಕಿದ್ರೆ ಸರಿಯಾಗಿ ಆರು ತಿಂಗಳು. ಅವತ್ತು ಬೆಳಗ್ಗೆ ಸಂಸತ್ತಲ್ಲಿ ಮೆರ್ಜ್‌ಗೆ 316 ಮತ ಬೇಕಿತ್ತು, ಬಿದ್ದದ್ದು 310. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲ್ಲಿ ಯಾವ ಚಾನ್ಸಲರ್‌ಗೂ ಮೊದಲ ಸುತ್ತಲ್ಲಿ ಹೀಗಾಗಿರಲಿಲ್ಲ. ಮಧ್ಯಾಹ್ನ ಎರಡನೇ ಸುತ್ತಲ್ಲಿ 325 ಬಂತು. ಅಷ್ಟು ದಿನವೂ ಹಳೇ ಚಾನ್ಸಲರ್ರೇ ಕೆಲಸ ನೋಡಿಕೊಂಡ್ರು. ಟ್ರಾಮ್ ಓಡಿದವು, ಸಂಬಳ ಬಂತು, ನಿನ್ನ ಪರೀಕ್ಷೆ ನಡೀತು. ನಿನ್ನ ವಾಸದ ಪರವಾನಗಿ ಕಾರ್ಡ್ ತಡ ಆಗಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಸರ್ಕಾರ ಭದ್ರವಾಗಿದ್ದ ಕಾಲದಲ್ಲೇ ನನ್ನ ಕಡತವೂ ಒಂದು ಕಚೇರೀಲಿ ಐದು ತಿಂಗಳು ಕೂತಿತ್ತು.

ಹಾಗಂತ ಪ್ರಜಾಪ್ರಭುತ್ವ ಬಂದ ಕೂಡಲೇ ಸ್ಥಿರತೆ ಬರುತ್ತೆ ಅಂತ ನಾನು ಹೇಳಲ್ಲ. ಹಾಗಲ್ಲ ಅನ್ನೋದನ್ನ ಈ ದೇಶವೇ ತೋರಿಸಿದೆ. 1919ರಿಂದ 1933ರವರೆಗಿನ ವೈಮಾರ್ ಗಣರಾಜ್ಯವೂ ಪ್ರಜಾಪ್ರಭುತ್ವವೇ. ಹದಿನಾಲ್ಕು ವರ್ಷಕ್ಕೆ ಸುಮಾರು 20 ಸಂಪುಟ ಬಂದು ಹೋದವು. ಒಬ್ಬರಿಗೊಬ್ಬರು ಆಗದವರೆಲ್ಲ ಸೇರಿ ಚಾನ್ಸಲರನ್ನ ಇಳಿಸೋರು, ಮುಂದೆ ಯಾರು ಅನ್ನೋದನ್ನ ಮಾತ್ರ ಯಾರೂ ಹೇಳ್ತಿರಲಿಲ್ಲ. ಕೊನೆಕೊನೆಗೆ ಅಧ್ಯಕ್ಷರು ತುರ್ತು ಅಧಿಕಾರದ 48ನೇ ವಿಧಿ ಹಿಡಿದು ಸುಗ್ರೀವಾಜ್ಞೆ ಮೇಲೇ ದೇಶ ನಡೆಸಿದ್ರು. ಅದರ ಹಿಂದೆ ಹಿಟ್ಲರ್ ಬಂದದ್ದು ಜಗತ್ತಿಗೇ ಗೊತ್ತು. ಪೆಟ್ಟು ತಿಂದವರು 1949ರ ಸಂವಿಧಾನದ 67ನೇ ವಿಧೀಲಿ ಒಂದು ಷರತ್ತು ಇಟ್ಟರು: ಇದ್ದವರನ್ನ ಇಳಿಸಬೇಕಾದ್ರೆ ಅದೇ ಮತದಲ್ಲಿ ಮುಂದಿನವರನ್ನ ಆರಿಸಬೇಕು. ಚಾನ್ಸಲರನ್ನ ಹಾಗೆ ಇಳಿಸೋಕೆ ಆಗಿದ್ದು ಇಲ್ಲಿವರೆಗೆ ಒಂದೇ ಸಲ, 1982ರಲ್ಲಿ, ಶ್ಮಿಟ್ ಹೋಗಿ ಕೋಲ್ ಬಂದಾಗ.

ಇನ್ನು ಗಟ್ಟಿಯಾಗಿ ಆಳೋ ಮಾತು. ನೀನು ಈಗ ಬಾಡಿಗೆಗಿರೋ ಊರೇ ಅಂಥ ದೇಶದಲ್ಲಿತ್ತು, ಕಮ್ಯುನಿಸ್ಟ್ ಪಕ್ಷ ಆಳ್ತಿದ್ದ ಪೂರ್ವ ಜರ್ಮನಿಯಲ್ಲಿ. ನನ್ನ ಪಕ್ಕದ ಮನೆ ಅಜ್ಜಿ ಅಲ್ಲೇ ಹುಟ್ಟಿ ಬೆಳೆದವರು. ಆಗ ಮತ ಹಾಕೋದಕ್ಕೆ ಜನ ‘ಕಾಗದ ಮಡಚೋದು’ ಅಂತಿದ್ರಂತೆ. ಕೊಟ್ಟ ಚೀಟಿಯನ್ನ ಓದದೆ ಮಡಚಿ ಪೆಟ್ಟಿಗೆಗೆ ಹಾಕಬೇಕು, ಪರದೆ ಹಿಂದೆ ಹೋದವರ ಮೇಲೆ ಕಣ್ಣು ಬೀಳ್ತಿತ್ತು. ನನ್ನ ಅಡುಗೆಮನೆ ಮೇಜಿನ ಮೇಲೆ ಒಂದು ಬಿಲ್ಲನ್ನ ಎರಡು ಸಲ ಮಡಚಿ ತೋರಿಸಿದ್ರು, ‘ಇಷ್ಟೇ ನಮ್ಮ ಚುನಾವಣೆ’ ಅಂತ. 1989ರ ಮೇ 7ರ ಸ್ಥಳೀಯ ಚುನಾವಣೇಲಿ ಸರ್ಕಾರದ ಪಟ್ಟಿಗೆ 98.85% ಮತ ಅಂತ ಘೋಷಿಸಿದ್ರು. ಕಣ್ಗಾವಲಿಗೆ ಸುಮಾರು 91,000 ಜನ ಪೂರ್ಣಾವಧಿ ಗುಪ್ತ ಪೊಲೀಸರಿದ್ದರು. ಹೊರಗಿನಿಂದ ನೋಡಿದವರಿಗೆ ಅದಕ್ಕಿಂತ ಸ್ಥಿರವಾದ ದೇಶ ಇನ್ನೊಂದಿಲ್ಲ ಅನ್ನಿಸಿರಬೇಕು. ಅಕ್ಟೋಬರ್ 9ಕ್ಕೆ ಇದೇ ಊರಿನ ವರ್ತುಲ ರಸ್ತೇಲಿ 70,000 ಜನ ಸರ್ಕಾರದ ವಿರುದ್ಧ ಮೆರವಣಿಗೆ ನಡೆದರು, ಅಜ್ಜಿಯೂ ಇದ್ದರು. ಒಂದು ಕೈಯಲ್ಲಿ ಮೇಣದಬತ್ತಿ, ಇನ್ನೊಂದು ಕೈ ಗಾಳಿಗೆ ಅಡ್ಡ, ಕಲ್ಲೆತ್ತೋಕೆ ಕೈಯೇ ಖಾಲಿ ಇರಲಿಲ್ಲ ಅಂತ ಹೇಳ್ತಾರೆ. ಸರಿಯಾಗಿ ತಿಂಗಳಿಗೆ ಬರ್ಲಿನ್ ಗೋಡೆ ತೆರೀತು, ವರ್ಷ ತುಂಬೋದ್ರೊಳಗೆ ಆ ದೇಶವೇ ಇಲ್ಲವಾಯ್ತು. ಬೈಯೋಕೆ ಜಾಗ ಇಲ್ಲದ ಕಡೆ ಸಿಟ್ಟು ಎಷ್ಟಿದೆ ಅಂತ ಆಳೋರಿಗೇ ಗೊತ್ತಾಗಲ್ಲ.

2025ರ ಫೆಬ್ರವರಿ 23ಕ್ಕೆ ನಾನು ಮತಗಟ್ಟೆ ಕೆಲಸಕ್ಕೆ ಹೋಗಿದ್ದೆ. ಸಂಜೆ ಆರಕ್ಕೆ ಬಾಗಿಲು ತೆರೆದೇ ಇಟ್ಟು ಪೆಟ್ಟಿಗೆಯನ್ನ ಮೇಜಿನ ಮೇಲೆ ಸುರಿದೆವು. ಇಲ್ಲಿ ಯಂತ್ರ ಇಲ್ಲ. ಸಾಮಾನ್ಯ ಜನಕ್ಕೆ ಪರೀಕ್ಷಿಸೋಕೆ ಆಗದ ಎಣಿಕೆ ನಡೆಯಲ್ಲ ಅಂತ 2009ರಲ್ಲಿ ಸಾಂವಿಧಾನಿಕ ನ್ಯಾಯಾಲಯ ತೀರ್ಪು ಕೊಟ್ಟು, ಆಗಿದ್ದ ಯಂತ್ರಗಳನ್ನ ತಳ್ಳಿಹಾಕಿತು. ನನ್ನ ಎದುರಿಗೆ ಕೂತಿದ್ದವರ ಪಕ್ಷ ಅವತ್ತು ಹೀನಾಯವಾಗಿ ಸೋಲ್ತಿತ್ತು. ಒಂದು ಗುಡ್ಡೆಯನ್ನ ಅವರೇ ಎರಡನೇ ಸಲ ಎಣಿಸಿದ್ರು, ಲೆಕ್ಕ ತಾಳೆಯಾಯ್ತು, ಸಹಿ ಹಾಕಿ ಕೋಟು ಹಾಕ್ಕೊಂಡು ಮನೆಗೆ ಹೋದ್ರು. ನಾನು ಸ್ಥಿರತೆ ಅನ್ನೋದು ಅದನ್ನೇ.

ನಿನ್ನ ಭಯ ಸುಳ್ಳಲ್ಲ. ಎಎಫ್‌ಡಿಗೆ 20.8% ಬಂದ ರಾತ್ರಿ ನನಗೂ ನಿದ್ದೆ ಬರಲಿಲ್ಲ. ಸರ್ಕಾರ ಬದಲಾದ್ರೆ ನಮ್ಮ ಬದುಕಿಗೆ ತಾಗದೆ ಇರಲ್ಲ. ಚೆನ್ನಾಗಿ ಬೆರೆತವರಿಗೆ ಮೂರೇ ವರ್ಷಕ್ಕೆ ಪೌರತ್ವ ಅನ್ನೋ 2024ರ ನಿಯಮವನ್ನ ಹೊಸ ಸಂಸತ್ತು 2025ರ ಅಕ್ಟೋಬರ್‌ನಲ್ಲಿ ರದ್ದು ಮಾಡಿತು. ಆದ್ರೆ ಐದು ವರ್ಷದ ದಾರಿಯನ್ನ ಮುಟ್ಟಲಿಲ್ಲ, ನೀನು ಅದರ ಮೇಲೆ ಲೆಕ್ಕ ಹಾಕ್ಕೋ, ಭಾಷೆ ಕಲಿಯೋದನ್ನ ಮುಂದಕ್ಕೆ ಹಾಕಬೇಡ. ಮುಂದಿನ ಮತದಾನದ ದಿನ ಸಂಜೆ ಆರಕ್ಕೆ ನಮ್ಮ ಮತಗಟ್ಟೆಗೆ ಬಾ. ಮತ ಹಾಕೋ ಹಕ್ಕಿಲ್ಲದಿದ್ರೂ ಒಳಗೆ ನಿಂತು ಎಣಿಕೆ ನೋಡಬಹುದು.