ಓದುಗರ ಪ್ರಶ್ನೆ: ಸಂಜೆ ಏಳರ ವಾಕಿಂಗ್ ಬಿಡಬೇಡಿ

ಪ್ರಶ್ನೆ: ನಮ್ಮ ಹನ್ನೊಂದು ವರ್ಷದ ಲ್ಯಾಬ್ರಡಾರ್ ರಾಜ ಮೂರು ವಾರದ ಹಿಂದೆ ಕಿಡ್ನಿ ತೊಂದರೆಯಿಂದ ತೀರಿಕೊಂಡ. ನಾನು ಸಾಫ್ಟ್‌ವೇರ್ ಉದ್ಯೋಗಿ. ಅವನನ್ನು ವಾಕಿಂಗ್ ಕರೆದೊಯ್ಯಲೆಂದು ಸಂಜೆ ಏಳಕ್ಕೆ ಕೆಲಸ ನಿಲ್ಲಿಸುತ್ತಿದ್ದೆ. ಈಗ ರಾತ್ರಿ ಹತ್ತಾದರೂ ಏಳುವುದಿಲ್ಲ. ಬೇಗ ಗಮನಿಸಿದ್ದರೆ ಉಳಿಯುತ್ತಿದ್ದನೇನೋ ಎಂಬ ಕೊರಗು. ಇನ್ನೊಂದು ನಾಯಿ ಚಿನ್ನಿ ಸರಿಯಾಗಿ ಊಟ ಮಾಡುತ್ತಿಲ್ಲ. ಆರು ವರ್ಷದ ಮಗಳಿಗೆ ‘ರಾಜ ಊರಿಗೆ ಹೋಗಿದ್ದಾನೆ’ ಎಂದಿದ್ದೇವೆ. ಹೊಸ ಮರಿ ತರಬಹುದೇ? – ಓದುಗರು, ಬೆಂಗಳೂರು

ಉತ್ತರ: ಮೊದಲು ಆ ಕೊರಗಿನ ಮಾತು. ನಾಯಿಯ ಮೂತ್ರಪಿಂಡ ನಿಧಾನವಾಗಿ ಕೆಡುವಾಗ, ಸುಮಾರು ಮುಕ್ಕಾಲು ಪಾಲು ಕೆಲಸ ನಿಂತ ಮೇಲಷ್ಟೇ ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಹೊರಹಾಕಬೇಕಾದ ಕಶ್ಮಲ) ಏರಿದ್ದು ಕಾಣುತ್ತದೆ. ಅದಕ್ಕೂ ಮುಂಚಿನ ಲಕ್ಷಣವೆಂದರೆ ಹೆಚ್ಚು ನೀರು ಕುಡಿಯುವುದು, ಹೆಚ್ಚು ಉಚ್ಚೆ ಹೊಯ್ಯುವುದು. ಸೆಕೆಗಾಲದಲ್ಲಿ ಅದನ್ನು ಯಾರೂ ಕಾಯಿಲೆ ಎಂದುಕೊಳ್ಳುವುದಿಲ್ಲ. ನೀವು ಮನೆಯಲ್ಲೇ ಕೂತಿದ್ದರೂ ಇದು ನಿಮ್ಮ ಗಮನಕ್ಕೆ ಬರುತ್ತಿರಲಿಲ್ಲ.

ಆದರೆ ವೈದ್ಯರನ್ನು ಒಂದು ಮಾತು ಕೇಳಿ: ಲೆಪ್ಟೊಸ್ಪೈರೋಸಿಸ್ (ಇಲಿ ಜ್ವರ) ಶಂಕೆಯಿತ್ತೇ? ಅದೂ ಮೂತ್ರಪಿಂಡ ಕೆಡಿಸುತ್ತದೆ, ಮೂತ್ರದ ಮೂಲಕ ನಾಯಿಗೂ ಮನುಷ್ಯರಿಗೂ ಹರಡುತ್ತದೆ. ಇತ್ತೆಂದರೆ ಚಿನ್ನಿಗೆ ಪರೀಕ್ಷೆ ಬೇಕು, ಲೆಪ್ಟೊ ಸೇರಿದ ಲಸಿಕೆ ಪ್ರತಿ ವರ್ಷ ಬೇಕು. ರಾಜ ಮಲಗುತ್ತಿದ್ದ ನೆಲಕ್ಕೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಹತ್ತು ಪಾಲು ನೀರು ಬೆರೆಸಿ ಹಾಕಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ; ಕೈಗವಸು ಇರಲಿ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಈ ವಿಷಯ ವೈದ್ಯರಿಗೆ ಹೇಳಿ.

ಜೊತೆಗಾರ ಹೋದಾಗ ನಾಯಿ ಕೆಲವು ದಿನ ಊಟ ಬಿಡುವುದುಂಟು. ಮೂರು ವಾರ ಮಾತ್ರ ಜಾಸ್ತಿಯಾಯಿತು. ದುಃಖ ಎಂದು ಸುಮ್ಮನಾಗದೆ ಒಮ್ಮೆ ತೋರಿಸಿ, ತೂಕ ಬರೆದಿಡಿ. ಊಟವನ್ನು ಹಳೆಯ ಹೊತ್ತಿಗೇ ಇಡಿ, ಇಪ್ಪತ್ತು ನಿಮಿಷದಲ್ಲಿ ತಟ್ಟೆ ಎತ್ತಿಬಿಡಿ. ಕನಿಕರದಿಂದ ದಿನಕ್ಕೊಂದು ಚಿಕನ್ ತುಂಡು ಹಿಡಿದು ಹಿಂದೆ ಸುತ್ತಿದರೆ, ತಿನ್ನದಿದ್ದರೆ ಒಳ್ಳೆಯದು ಸಿಗುತ್ತದೆ ಎಂದು ಅದು ಕಲಿತುಬಿಡುತ್ತದೆ. ರಾಜನ ಕಿಡ್ನಿ ಆಹಾರದ ಚೀಲ ಉಳಿದಿದ್ದರೆ ಚಿನ್ನಿಗೆ ಹಾಕಬೇಡಿ.

ಮಗಳಿಗೆ ನಿಜ ಹೇಳಿ, ಇವತ್ತೇ. ‘ಊರಿಗೆ ಹೋಗಿದ್ದಾನೆ’ ಎಂದರೆ ಬಾಗಿಲು ಕಾಯುತ್ತಾಳೆ; ‘ಮಲಗಿದ್ದಾನೆ’ ಎಂದರೆ ನಿದ್ದೆಗೇ ಹೆದರಬಹುದು. ‘ರಾಜನ ಕಿಡ್ನಿ ಕೆಟ್ಟಿತು, ಸತ್ತುಹೋದ, ಇನ್ನು ಬರುವುದಿಲ್ಲ. ನಿನ್ನಿಂದ ಏನೂ ಆದದ್ದಲ್ಲ’ ಎಂದರೆ ಸಾಕು. ಅವಳು ಅದನ್ನೇ ಹತ್ತು ಸಲ ಕೇಳಬಹುದು. ಹತ್ತು ಸಲವೂ ಅದೇ ಉತ್ತರ ಕೊಡಿ.

ಇನ್ನು ನಿಮ್ಮ ಸಂಜೆ. ನಮ್ಮ ಕಾಳಜಿ ಹೆಚ್ಚಾಗಿ ಇದರ ಬಗ್ಗೆಯೇ. ದಿನದಲ್ಲಿ ಆಫೀಸು ಮುಟ್ಟದ ಹೊತ್ತೆಂದರೆ ರಾಜನ ವಾಕಿಂಗ್ ಒಂದೇ ಆಗಿತ್ತು. ಅದನ್ನು ಕಾಯುತ್ತಿದ್ದವನು ಅವನು, ಈಗ ನೀವೇ ಕಾಯಬೇಕು. ಕ್ಯಾಲೆಂಡರ್‌ನಲ್ಲಿ ಏಳರಿಂದ ಎಂಟರವರೆಗೆ ‘ಲಭ್ಯವಿಲ್ಲ’ ಎಂದು ಪ್ರತಿದಿನಕ್ಕೂ ಹಾಕಿ. ಅಮೆರಿಕದವರ ಕರೆ ಇದ್ದರೆ ಎಂಟೂವರೆಯ ನಂತರ ಇಡಲು ತಂಡಕ್ಕೆ ಮೊದಲೇ ತಿಳಿಸಿ, ಕಾರಣ ವಿವರಿಸುವ ಅಗತ್ಯವಿಲ್ಲ. ಫೋನ್ ಮನೆಯಲ್ಲಿಟ್ಟು ಚಿನ್ನಿಯ ಬೆಲ್ಟ್ ಹಿಡಿದು ಹೊರಡಿ. ರಾಜ ಮೂಸುತ್ತಿದ್ದ ಕಂಬ ಕಂಡರೆ ಕಣ್ಣು ತುಂಬುತ್ತದೆ ಎನ್ನುವುದಾದರೆ ಕೆಲವು ವಾರ ಬೇರೆ ರಸ್ತೆ ಹಿಡಿಯಿರಿ, ಹೊತ್ತು ಮಾತ್ರ ಬದಲಿಸಬೇಡಿ. ಮಗಳೂ ಬರಲಿ.

ಹೊಸ ಮರಿ ಈಗಲೇ ಬೇಡ. ಚಿನ್ನಿಯ ಊಟ ಮತ್ತು ನಿಮ್ಮ ಏಳು ಗಂಟೆ ಎರಡೂ ದಾರಿಗೆ ಬಂದ ಮೇಲೆ ಯೋಚಿಸಿ.

ಪ್ರಶ್ನೆ: ಮುದಿ ನಾಯಿ ಇಂದೋ ನಾಳೆಯೋ ಎಂಬಂತಿದೆ. ಅಡಿಕೆ ತೋಟದಲ್ಲಿ ಹೂಳಬಹುದೇ? – ಓದುಗರು, ತೀರ್ಥಹಳ್ಳಿ

ಉತ್ತರ: ಹೂಳಬಹುದು. ಬಾವಿ, ಹಳ್ಳದಿಂದ ಕನಿಷ್ಠ ನೂರು ಅಡಿ ದೂರ, ಬಾವಿಗಿಂತ ತಗ್ಗಿನ ಕಡೆ ಇರಲಿ. ನಾಲ್ಕು ಅಡಿ ಆಳ ಬೇಕು. ಕಡಿಮೆಯಾದರೆ ನರಿ, ಹಂದಿ ಕೆದಕುತ್ತವೆ. ಜೀವ ಹೋದ ಕೆಲವೇ ಗಂಟೆಗಳಲ್ಲಿ ಮೈ ಸೆಟೆಯುವುದರಿಂದ ಕಾಲುಗಳನ್ನು ಬೇಗ ಮಡಚಿಡಿ. ಹತ್ತಿ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಬೇಡ. ಉಪ್ಪೂ ಬೇಡ, ಅದು ಕೊಳೆಯುವುದನ್ನು ತಡೆದು ಅಡಿಕೆ ಬೇರಿಗೂ ಕೆಡುಕು ಮಾಡುತ್ತದೆ. ದಯಾಮರಣದ ಚುಚ್ಚುಮದ್ದು ಕೊಡಿಸಿದರೆ ಇನ್ನೂ ಎಚ್ಚರ ಬೇಕು: ಆ ಔಷಧ ದೇಹದಲ್ಲೇ ಉಳಿಯುವುದರಿಂದ ಕೆದಕಿ ತಿಂದ ಪ್ರಾಣಿಯೂ ಸಾಯಬಹುದು. ಮೇಲೆ ಚಪ್ಪಡಿ ಕಲ್ಲು ಹೇರಿ, ಮಳೆಗೆ ಮಣ್ಣು ಕುಸಿದಾಗ ಮತ್ತೆ ತುಂಬಿ.